ಒತ್ತು ನೋಡಿ ಫಾಂಟ್ ಆರಿಸಿ: ಇ-ಇಂಕ್ ಪರದೆಯ ಮೇಲೆ ಕನ್ನಡ ಓದುವವರಿಗೆ

(ವಿಜಯಪುರದಲ್ಲಿ ಓದುಗರ ಬಳಗವೊಂದರ ಮುಂದೆ ಆಡಿದ ಮಾತಿನ ಬರಹ ರೂಪ)

ಕನ್ನಡ ಓದೋಕೆ ಅಂತ ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಸಾಧನ, ತಗೊಂಡವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಫಾಂಟ್ ಹಾಕಲಿ? ನನ್ನ ಉತ್ತರವೂ ಒಂದೇ. ಒತ್ತಕ್ಷರ ನೋಡಿ ಹಾಕಿ. ಫಾಂಟಿನ ಹೆಸರು ಆಮೇಲೆ. ಅ ಆ ಇ ಈ ಅಂತ ದೊಡ್ಡದಾಗಿ ಬರೆದು ತೋರಿಸಿದರೆ ಯಾವ ಫಾಂಟಾದರೂ ಚೆಂದವೇ ಕಾಣುತ್ತದೆ. ಅಂಗಡಿ ಬೋರ್ಡಿಗೆ, ಮದುವೆ ಕಾರ್ಡಿಗೆ ಅಷ್ಟು ಸಾಕು. ಆದರೆ ಮುನ್ನೂರು ಪುಟದ ಕಾದಂಬರಿ ಹಿಡಿದು ಕೂತಾಗ ಕಣ್ಣು ಎಡವುವುದು ಸಾಲಿನ ಕೆಳಗೆ, ಆ ಪುಟ್ಟ ಒತ್ತುಗಳ ಹತ್ತಿರ. ಇವತ್ತು ನಾನು ಹೇಳೋದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಮೊದಲು ಪರದೆಯ ಬಗ್ಗೆ ಸ್ವಲ್ಪ. ಇ-ಇಂಕ್ ಹುಟ್ಟಿದ್ದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ. 1997ರಲ್ಲಿ ಅದೇ ಹೆಸರಿನ ಕಂಪನಿ ಶುರುವಾಯಿತು. ಪರದೆಯೊಳಗೆ ಕೂದಲೆಳೆಯಷ್ಟು ಅಗಲದ ಲೆಕ್ಕವಿಲ್ಲದಷ್ಟು ಗುಳ್ಳೆಗಳಿವೆ. ಪ್ರತಿ ಗುಳ್ಳೆಯ ದ್ರವದಲ್ಲಿ ಬಿಳಿ ಕಣ, ಕಪ್ಪು ಕಣ ತೇಲುತ್ತಿರುತ್ತವೆ. ಒಂದಕ್ಕೆ ಧನ ವಿದ್ಯುತ್, ಇನ್ನೊಂದಕ್ಕೆ ಋಣ. ವೋಲ್ಟೇಜ್ ಕೊಟ್ಟ ಹಾಗೆ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಒಮ್ಮೆ ಮೇಲೆ ಬಂದ ಕಣ ಕರೆಂಟ್ ಇಲ್ಲದಿದ್ದರೂ ಅಲ್ಲೇ ಕೂತಿರುತ್ತದೆ. ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರೋದು. ಮೊಬೈಲಿನ ಹಾಗೆ ಇದು ಕಣ್ಣಿಗೆ ಬೆಳಕು ಎಸೆಯುವುದಿಲ್ಲ, ಹೊರಗಿನ ಬೆಳಕನ್ನೇ ಕಾಗದದ ಹಾಗೆ ವಾಪಸ್ ಕಳಿಸುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಮೊಬೈಲ್ ಪರದೆ ಕುರುಡಾಗಿಬಿಡುತ್ತದೆ, ಇದರಲ್ಲಿ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತದೆ.

ಆದರೆ ಎರಡು ಕೊರತೆ ಇವೆ, ಫಾಂಟ್ ಆರಿಸುವಾಗ ಅವೆರಡೂ ತಲೆಯಲ್ಲಿರಬೇಕು. ಒಂದು, ಈ ಪರದೆಯ ಬಿಳಿ ಅಚ್ಚ ಬಿಳಿಯಲ್ಲ, ತುಸು ಬೂದು. ಕಪ್ಪೂ ಕಡುಗಪ್ಪಲ್ಲ. ಎರಡು, ಸಾಮಾನ್ಯವಾಗಿ ಇದು ತೋರಿಸುವುದು ಕಪ್ಪು ಬಿಳಿ ಎಲ್ಲ ಸೇರಿ 16 ಛಾಯೆ ಮಾತ್ರ. ಪರದೆಯ ಚಿತ್ರವೆಲ್ಲ ಪಿಕ್ಸೆಲ್ ಅನ್ನುವ ಪುಟ್ಟ ಚೌಕಗಳಿಂದ ಆದದ್ದು. ಅಕ್ಷರದ ಗೆರೆ ಒಂದೂವರೆ ಪಿಕ್ಸೆಲ್ ದಪ್ಪ ಇದೆ ಅಂತ ಇಟ್ಟುಕೊಳ್ಳಿ. ಒಂದು ಪಿಕ್ಸೆಲ್ ಕಪ್ಪಾಗುತ್ತದೆ, ಉಳಿದ ಅರ್ಧವನ್ನು ಪರದೆ ಬೂದು ಬಣ್ಣದಲ್ಲಿ ತೀರಿಸುತ್ತದೆ. ಗೆರೆ ಇನ್ನೂ ಸಣ್ಣದಾದರೆ ಕಪ್ಪೇ ಇಲ್ಲ, ಬರೀ ಬೂದು. ಬೂದು ಹಾಳೆಯ ಮೇಲೆ ಬೂದು ಗೆರೆ. ಓದೋದು ಹೇಗೆ?

ಈಗ ಲೆಕ್ಕ ಹಾಕಿ ನೋಡೋಣ, ಕಷ್ಟದ್ದೇನಲ್ಲ. ಇವತ್ತಿನ ಒಳ್ಳೆ ಇ-ರೀಡರುಗಳಲ್ಲಿ ಒಂದು ಇಂಚಿಗೆ 300 ಪಿಕ್ಸೆಲ್. 2007ರಲ್ಲಿ ಬಂದ ಅಮೆಜಾನ್ ಕಂಪನಿಯ ಮೊದಲ ಕಿಂಡಲ್‌ನಲ್ಲಿ 167 ಇತ್ತು. ಕಡಿಮೆ ಬೆಲೆಯ ಕಿಂಡಲ್‌ಗೆ 300 ಬಂದಿದ್ದು 2022ರಲ್ಲಿ, ಅಲ್ಲಿಯವರೆಗೂ ಅದರಲ್ಲಿ 167ನೇ. ಅಚ್ಚಿನ ಪುಸ್ತಕದ ಅಳತೆಯಲ್ಲಿ 10 ಪಾಯಿಂಟ್ ಅಂದರೆ ಇಂಚಿನ 72ನೇ ಭಾಗದ ಹತ್ತು ಪಾಲು. 300ರ ಪರದೆಯಲ್ಲಿ ಅದು ಸುಮಾರು 42 ಪಿಕ್ಸೆಲ್ ಎತ್ತರ. 167ರ ಪರದೆಯಲ್ಲಿ 23. ಇಂಗ್ಲಿಷಿನವರಿಗೆ 23 ಸಾಕು, ಅವರ ಅಕ್ಷರ ಒಂದೇ ಮಹಡಿಯಲ್ಲಿ ಸಂಸಾರ ಮಾಡುತ್ತದೆ. ನಮ್ಮದು ಹಾಗಲ್ಲ. ತಲೆಕಟ್ಟು, ಗುಡಿಸು, ಏತ್ವ ಮೇಲೆ, ಮೂಲ ಅಕ್ಷರ ನಡುವೆ, ಒತ್ತು ಕೆಳಗೆ. ಈ ಎತ್ತರದ ಮೂರನೇ ಒಂದು ಪಾಲು ಒತ್ತಿಗೆ ಸಿಕ್ಕಿತು ಅಂತ ಇಟ್ಟುಕೊಂಡರೆ 300ರಲ್ಲಿ 14 ಪಿಕ್ಸೆಲ್, 167ರಲ್ಲಿ ಬರೀ 8. ಆ ಎಂಟೇ ಪಿಕ್ಸೆಲ್‌ನಲ್ಲಿ ಧ ಒತ್ತಿನ ಹೊಟ್ಟೆ, ಅದರ ಕೆಳಗಿನ ಸೀಳು ಎರಡೂ ಕಾಣಬೇಕು. ಆಗುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಿಂಡಲ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಮೊದಲು ಆ ಸಂಖ್ಯೆ ಕೇಳಿ. 300 ಇಲ್ಲದಿದ್ದರೆ ಕನ್ನಡಕ್ಕೆ ತಗೋಬೇಡಿ. ಅಲ್ಲಿ ಫಾಂಟ್ ಬದಲಿಸಿದರೂ ಜಾಸ್ತಿ ಉಪಯೋಗವಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಯಾಕೆಂದರೆ ನಾವು ಕೂತಿರುವುದು ವಿಜಯಪುರದಲ್ಲಿ. ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಲೇಬೇಕು ಅನ್ನುವ ಹಟಕ್ಕೆ ಬಿದ್ದು, ಮನೆ ಮಾರಿ, 1925ರಲ್ಲಿ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. ಆಗಿನದು ಮೊಳೆ ಜೋಡಿಸುವ ಕಾಲ. ಒಂದೊಂದು ಅಕ್ಷರಕ್ಕೂ ಸೀಸದ ಮೊಳೆ. ಅದಕ್ಕೆ ಶಾಯಿ ಬಳಿದು ಕಾಗದದ ಮೇಲೆ ಒತ್ತಿದಾಗ ಶಾಯಿ ಸುತ್ತಲೂ ಸ್ವಲ್ಪ ಹರಡುತ್ತಿತ್ತು, ಮೊಳೆಯ ಗೆರೆಗಿಂತ ಕಾಗದದ ಗೆರೆ ದಪ್ಪ ಬರುತ್ತಿತ್ತು. ನಮ್ಮ ಹಿರಿಯರ ಕಣ್ಣಿಗೆ ಒಗ್ಗಿದ ಕನ್ನಡ ಅಕ್ಷರ ಅಂದರೆ ಹೀಗೆ ಶಾಯಿ ಕುಡಿದು ತುಂಬಿಕೊಂಡ ಅಕ್ಷರ. ಪುಸ್ತಕಕ್ಕೆ ಅಂತ ಮಾಡಿದ ಫಾಂಟುಗಳಲ್ಲಿ ಬಹಳಷ್ಟು ಇದೇ ನಂಬಿಕೆಯ ಮೇಲೆ ನಿಂತಿವೆ: ಗೆರೆ ಸಣ್ಣಗಿದ್ದರೂ ಪರವಾಗಿಲ್ಲ, ಶಾಯಿ ನೋಡಿಕೊಳ್ಳುತ್ತದೆ. ಇ-ಇಂಕ್ ಹೆಸರಲ್ಲಿ ಇಂಕ್ ಇದ್ದರೂ ಅಲ್ಲಿ ಹರಡುವ ಶಾಯಿ ಇಲ್ಲ. ಕಾಗದದ ಮೇಲೆ ತುಂಬಿಕೊಂಡು ಕಾಣುವ ಫಾಂಟು ಇಲ್ಲಿ ಸೊರಗಿ ಕಾಣೋದು ಅದಕ್ಕೇ. ಪುಸ್ತಕದಲ್ಲಿ ಚೆನ್ನಾಗಿತ್ತಲ್ಲ ಅನ್ನುವುದು ಇಲ್ಲಿ ಸಾಕ್ಷಿಯಾಗುವುದಿಲ್ಲ.

ಸರಿ, ಪರೀಕ್ಷೆ ಮಾಡೋದು ಹೇಗೆ? ನಾನು ಮೊದಲು ನೋಡುವುದು ಚುಕ್ಕೆ ಮತ್ತು ಸೀಳು. ಕನ್ನಡದಲ್ಲಿ ಒಂದು ಚುಕ್ಕೆ ಹೋದರೆ ಮಾತೇ ಬೇರೆ. ರ-ದ ಒಳಗೆ ಚುಕ್ಕೆ ಇಟ್ಟರೆ ಠ. ಆ ಚುಕ್ಕೆ ಮಸುಕಾದರೆ ಮಠ ಹೋಗಿ ಮರ ಆಗುತ್ತದೆ. ಥ-ದ ಹೊಟ್ಟೆಯೊಳಗಿನ ಚುಕ್ಕೆ ಕಾಣದಿದ್ದರೆ ಅರ್ಥ ಹೋಗಿ ಅರ್ಧ ಆಗುತ್ತದೆ. ಕೆಳಗಿನ ಸೀಳು ಕಾಣದಿದ್ದರೆ ಭಾರ ಹೋಗಿ ಬಾರ. ಇನ್ನು ಗುಡಿಸು. ತಲೆಕಟ್ಟು ತೆರೆದಿದ್ದರೆ ನ, ಸುತ್ತಿಕೊಂಡಿದ್ದರೆ ನಿ. ಆ ಸುರುಳಿಯೊಳಗಿನ ಬಿಳಿ ಜಾಗ ಕಪ್ಪು ತುಂಬಿ ಮುಚ್ಚಿಹೋದರೆ ನನಗೆ ಯಾವುದು, ನಿನಗೆ ಯಾವುದು? ನೀವು ಹೇಳಬಹುದು, ಸಂದರ್ಭ ನೋಡಿದರೆ ಗೊತ್ತಾಗುತ್ತದಲ್ವಾ ಅಂತ. ಗೊತ್ತಾಗುತ್ತದೆ, ನಿಜ. ಆದರೆ ಗೊತ್ತು ಮಾಡಿಕೊಳ್ಳೋಕೆ ಪ್ರತಿ ಸಲ ಮನಸ್ಸು ಒಂದು ಚೂರು ಕೆಲಸ ಮಾಡಬೇಕು. ಪುಟಕ್ಕೆ ಹತ್ತು ಕಡೆ ಹಾಗಾದರೆ ಅರ್ಧ ಗಂಟೆಗೆ ಹಣೆ ಹಿಡಿದುಕೊಳ್ಳುತ್ತೀರಿ, ಆಮೇಲೆ ಇ-ರೀಡರ್ ಕಣ್ಣಿಗೆ ಒಳ್ಳೇದಲ್ಲ ಅಂತ ಕಪಾಟಿನಲ್ಲಿ ಇಟ್ಟುಬಿಡುತ್ತೀರಿ. ದೋಷ ಫಾಂಟಿನದು, ಬೈಗುಳ ಪರದೆಗೆ.

ಪರೀಕ್ಷೆಗೆ ಒಂದು ಪುಟ ಮಾಡಿಟ್ಟುಕೊಳ್ಳಿ. ಅದಕ್ಕೆ ನಿಘಂಟು ಹುಡುಕಬೇಕಾಗಿಲ್ಲ, ನಮ್ಮ ಊರು ಹೊಳೆಗಳ ಹೆಸರೇ ಸಾಕು. ಘಟಪ್ರಭಾ ಬರೆಯಿರಿ: ಘ ಇದೆ, ಭ ಇದೆ, ನಡುವೆ ರ ಒತ್ತು. ಕೃಷ್ಣಾ ಬರೆಯಿರಿ: ವಟ್ರಸುಳಿ ಪಕ್ಕದಲ್ಲೇ ಷ-ಕ್ಕೆ ಣ ಒತ್ತು. ಎರಡೂ ಒಂದಕ್ಕೊಂದು ತಾಗುತ್ತವಾ ನೋಡಿ. ಪಟ್ಟದಕಲ್ಲು, ಮುದ್ದೇಬಿಹಾಳ, ಆಲಮಟ್ಟಿ, ಸಂಗೊಳ್ಳಿ. ಢವಳಗಿ ಅಂತ ಬರೆದರೆ ಢ ಸಿಗುತ್ತದೆ, ಅದರ ಸೀಳು ಕಾಣದಿದ್ದರೆ ಅದು ಡವಳಗಿ. ವಚನ, ಹಳಗನ್ನಡ ಓದುವವರು ಱ ಮತ್ತು ೞ ಎರಡನ್ನೂ ಸೇರಿಸಿ. ಕೆಲವು ಫಾಂಟುಗಳಲ್ಲಿ ಇವು ಇರುವುದೇ ಇಲ್ಲ, ಆಗ ಖಾಲಿ ಡಬ್ಬಿ ಬರುತ್ತದೆ, ಇಲ್ಲವೇ ಬೇರೆ ಫಾಂಟಿನ ಅಕ್ಷರ ತಂದು ಅಂಟಿಸಿದ ಹಾಗೆ ಕಾಣುತ್ತದೆ.

ಎಲ್ಲಕ್ಕಿಂತ ಒಳ್ಳೆ ಪದ ಈ ಊರಿನವರ ಬಾಯಲ್ಲಿ ದಿನಾ ಇರುವಂಥದ್ದು: ಸಿದ್ಧೇಶ್ವರ. ಇದನ್ನು ಭೂತಕನ್ನಡಿ ಹಿಡಿದು ನೋಡಿ, ಇಲ್ಲಾ ಮೊಬೈಲ್ ಕ್ಯಾಮೆರಾ ಹತ್ತಿರ ತಂದು ಫೋಟೋ ತೆಗೆದು ದೊಡ್ಡದು ಮಾಡಿ. ಮೊದಲು ಸಿ, ಅದರ ಗುಡಿಸಿನೊಳಗೆ ಬಿಳಿ ಕಾಣಬೇಕು. ಆಮೇಲೆ ದ್ಧೇ. ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ, ಕೆಳಗೆ ಧ ಒತ್ತು. ಮೇಲಿನ ದ-ದ ಬುಡಕ್ಕೂ ಕೆಳಗಿನ ಧ-ದ ತಲೆಗೂ ನಡುವೆ ಒಂದು ಬಿಳಿ ಎಳೆ ಉಳಿದಿರಬೇಕು. 300ರ ಪರದೆಯಲ್ಲಿ ಒಂದು ಪಿಕ್ಸೆಲ್ ಅಂದರೆ 0.085 ಮಿಲಿಮೀಟರ್, ಅಂದರೆ ನಾವು ನೋಡುತ್ತಿರುವುದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಜಾಗ. ಅದು ಉಳಿದರೆ ಕಣ್ಣಿಗೆ ಎರಡು ಅಕ್ಷರ, ಹೋದರೆ ಒಂದು ಕಪ್ಪು ಗಂಟು. ಧ ಒತ್ತಿನ ಸೀಳು ಉಳಿದಿದೆಯಾ, ಇಲ್ಲಾ ಅದು ದ ಒತ್ತಾಗಿ ಸಿದ್ದೇಶ್ವರ ಆಗಿದೆಯಾ? ಕೊನೆಗೆ ಶ್ವ. ಶ-ದ ಕೆಳಗೆ ವ ಒತ್ತು ಸರಿಯಾಗಿ ಕೂತಿದೆಯಾ, ಇಲ್ಲಾ ರ-ದ ಬುಡಕ್ಕೆ ಸರಿದಿದೆಯಾ? ಈ ಒಂದು ಪದ ಪಾಸಾದ ಫಾಂಟು ಮುಕ್ಕಾಲು ಪಾಸು.

ಉಳಿದ ಕಾಲು ಭಾಗಕ್ಕೆ ರಾಷ್ಟ್ರ, ಸ್ವಾತಂತ್ರ್ಯ, ಲಕ್ಷ್ಮಿ ಬರೆಯಿರಿ. ಎರಡು ಒತ್ತು ಬಂದಾಗ ಕೆಲವು ಫಾಂಟು ಒಂದರ ಕೆಳಗೆ ಒಂದು ಇಳಿಸುತ್ತವೆ, ಕೆಲವು ಅಕ್ಕಪಕ್ಕ ಕೂಡಿಸುತ್ತವೆ. ಕಾಗದದ ಮೇಲೆ ಎರಡೂ ಸರಿ. ಇ-ರೀಡರಿನಲ್ಲಿ ನನಗೆ ಅಕ್ಕಪಕ್ಕ ಕೂಡಿಸುವುದೇ ಇಷ್ಟ, ಯಾಕೆಂದರೆ ಕೆಳಗೆ ಇಳಿದಷ್ಟೂ ಒತ್ತು ಮುಂದಿನ ಸಾಲಿನ ತಲೆಗೆ ಬಡಿಯುತ್ತದೆ. ಬಡಿಯಬಾರದು ಅಂದರೆ ಸಾಲಿನ ಅಂತರ ಜಾಸ್ತಿ ಮಾಡಬೇಕು, ಆಗ ಪುಟಕ್ಕೆ ನಾಲ್ಕು ಸಾಲು ಕಮ್ಮಿಯಾಗುತ್ತದೆ.

ಇನ್ನು ಅಕ್ಷರ ಒಡೆಯುವ ವಿಚಾರ. ಅಕ್ಕ ಅಂತ ಬರೆದರೆ ಅಕ್‌ಕ ಅಂತ ಬಿಡಿಬಿಡಿಯಾಗಿ ಬರೋದು ಕೆಲವರು ನೋಡಿರಬಹುದು. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಪದ್ಧತಿ. ಅದರಲ್ಲಿ ಒತ್ತಿಗೆ ಅಂತ ಬೇರೆ ಸಂಕೇತ ಇಲ್ಲ, ಕ, ಅರ್ಧಾಕ್ಷರದ ಗುರುತು, ಮತ್ತೆ ಕ, ಇಷ್ಟೇ ಇರುತ್ತದೆ. ಇವನ್ನು ಕೂಡಿಸಿ ಕ್ಕ ಮಾಡುವುದು ಫಾಂಟಿನೊಳಗಿನ ನಿಯಮ ಮತ್ತು ಆ ನಿಯಮ ಓದುವ ತಂತ್ರಾಂಶ, ಇಬ್ಬರ ಕೆಲಸ. ಅಂಥ ತಂತ್ರಾಂಶದಲ್ಲಿ ಹೆಸರಾದದ್ದು ಹಾರ್ಫ್‌ಬಜ್. ಕೋರೀಡರ್ ಅನ್ನುವ ಉಚಿತ ಓದುವ ಆ್ಯಪ್ ಅದನ್ನೇ ಬಳಸುತ್ತದೆ, ಕೋಬೊ, ಪಾಕೆಟ್‌ಬುಕ್, ಆಂಡ್ರಾಯ್ಡ್ ಇರುವ ಇ-ರೀಡರುಗಳಲ್ಲಿ ಓಡುತ್ತದೆ. ತಪ್ಪು ಯಾರದು ಅಂತ ಕಂಡುಹಿಡಿಯೋದು ಸುಲಭ. ಒಂದೇ ಫಾಂಟಿನಲ್ಲಿ ಒಡೆದರೆ ಫಾಂಟಿನದು. ಯಾವ ಫಾಂಟ್ ಹಾಕಿದರೂ ಒಡೆದರೆ ಸಾಧನದ್ದು, ಸುಮ್ನೆ ಹೊಸ ಹೊಸ ಫಾಂಟ್ ಡೌನ್‌ಲೋಡ್ ಮಾಡಿ ದಣಿಯಬೇಡಿ. ಇದಕ್ಕೂ ಎರಡು ಪದ ಪರೀಕ್ಷಾ ಪುಟದಲ್ಲಿ ಇರಲಿ: ರ‍್ಯಾಂಕ್ ಮತ್ತು ಸಾಫ್ಟ್‌ವೇರ್. ಮೊದಲನೆಯದರಲ್ಲಿ ರ ಮೇಲೆ ಉಳಿದು ಯ ಒತ್ತಾಗಬೇಕು, ಅರ್ಕಾವೊತ್ತು ಬಂದುಬಿಟ್ಟರೆ ತಪ್ಪು. ಎರಡನೆಯದರಲ್ಲಿ ಟ್ ಆದಮೇಲೆ ವೇ ಬೇರೆಯಾಗಿ ನಿಲ್ಲಬೇಕು, ಅದೂ ಫ-ದ ಕೆಳಗೆ ಇಳಿದು ಮೂರು ಮಹಡಿ ಕಟ್ಟಿದರೆ ತಪ್ಪು. ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಬರೆಯೋದು ಇವತ್ತು ಪ್ರತಿ ಪುಟದಲ್ಲೂ ಇದೆ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಎರಡು ಫಾಂಟುಗಳನ್ನು ಹೋಲಿಸುವಾಗ ಬಹಳ ಜನ ಸೆಟ್ಟಿಂಗಿನಲ್ಲಿ ಒಂದೇ ಸೈಜ್ ಇಟ್ಟು ನೋಡುತ್ತಾರೆ. ಅದು ನ್ಯಾಯವಾದ ಹೋಲಿಕೆ ಅಲ್ಲ. ಫಾಂಟ್ ಮಾಡುವವರು ಒತ್ತಿಗೂ ತಲೆಕಟ್ಟಿಗೂ ಜಾಗ ಬಿಡಬೇಕಲ್ಲ, ಒಬ್ಬರು ಜಾಸ್ತಿ ಬಿಡುತ್ತಾರೆ, ಇನ್ನೊಬ್ಬರು ಕಮ್ಮಿ. ಸೈಜ್ ಒಂದೇ ಇದ್ದರೂ ಒಂದರ ಅ ದೊಡ್ಡದು, ಇನ್ನೊಂದರ ಅ ಚಿಕ್ಕದು. ದೊಡ್ಡದು ಕಂಡಿದ್ದೇ ಒಳ್ಳೆ ಫಾಂಟ್ ಅನ್ನಿಸಿಬಿಡುತ್ತದೆ. ಎರಡರಲ್ಲೂ ಅ ಒಂದೇ ಎತ್ತರ ಬರುವ ಹಾಗೆ ಸೈಜ್ ಹೊಂದಿಸಿ, ಸಾಲಿನ ಅಂತರವನ್ನೂ ಒತ್ತು ತಾಗದಷ್ಟಕ್ಕೆ ತಂದು, ಆಮೇಲೆ ಪುಟಕ್ಕೆ ಎಷ್ಟು ಸಾಲು ಹಿಡಿಸಿತು ನೋಡಿ. ಆಗ ಯಾವ ಫಾಂಟು ಜಾಗ ತಿನ್ನುತ್ತದೆ ಅನ್ನುವುದು ತಾನೇ ಗೊತ್ತಾಗುತ್ತದೆ. ಅಂತರ ತೀರಾ ಕಮ್ಮಿ ಮಾಡಿದಾಗ ಕೆಲವು ಸಾಧನಗಳು ಪುಟದ ಕೊನೇ ಸಾಲಿನ ಒತ್ತನ್ನು ಕತ್ತರಿಸಿಯೇ ಬಿಡುತ್ತವೆ, ಕೊನೇ ಸಾಲು ತಪ್ಪದೆ ನೋಡಿ.

ಈಗ ಹೆಸರುಗಳಿಗೆ ಬರೋಣ, ಎಲ್ಲರೂ ಕಾಯುತ್ತಿರುವುದು ಇದಕ್ಕೇ ಅಂತ ಗೊತ್ತು.

ನೋಟೋ ಸ್ಯಾನ್ಸ್ ಕನ್ನಡ, ಗೂಗಲ್‌ನವರದು, ಉಚಿತ. ಗೆರೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ದಪ್ಪ. 100ರಿಂದ 900ರವರೆಗೆ ಒಂಬತ್ತು ತೂಕದಲ್ಲಿ ಸಿಗುತ್ತದೆ; ತೂಕ ಅಂದರೆ ಗೆರೆಯ ದಪ್ಪ, ಸಂಖ್ಯೆ ಹೆಚ್ಚಿದಷ್ಟೂ ದಪ್ಪ. ಇ-ಇಂಕ್‌ಗೆ ನನ್ನ ಮೊದಲ ಆಯ್ಕೆ ಇದರ 500, ಅಂದರೆ ಮೀಡಿಯಂ. 400ರ ರೆಗ್ಯುಲರ್ ಮೊಬೈಲಿನಲ್ಲಿ ಚೆನ್ನಾಗಿದೆ, ಇಲ್ಲಿ ಒತ್ತುಗಳು ತುಸು ಬೂದು ಬರುತ್ತವೆ. 700ರ ಬೋಲ್ಡ್‌ಗೆ ಹೋದರೆ ಗುಡಿಸಿನ ಕಣ್ಣು ಮುಚ್ಚುತ್ತದೆ. ನೋಡೋಕೆ ಸ್ವಲ್ಪ ಸರ್ಕಾರಿ ಫಾರಂ ಹಾಗಿದೆ ಅಂತ ದೂರುವವರಿದ್ದಾರೆ. ಹತ್ತು ಪುಟ ಓದಿದ ಮೇಲೆ ಅದು ಮರೆತುಹೋಗುತ್ತದೆ, ಕಥೆ ಉಳಿಯುತ್ತದೆ.

ನೋಟೋ ಸೆರಿಫ್ ಕನ್ನಡದಲ್ಲಿ ದಪ್ಪ ಸಣ್ಣ ಗೆರೆಗಳ ಏರಿಳಿತ ಇದೆ, ಅಚ್ಚಿನ ಪುಸ್ತಕದ ಕಳೆ ಇದೆ. ಕಾದಂಬರಿಗೆ ಹಿತ. ಆದರೆ ಸಣ್ಣ ಗೆರೆಗಳು ಮಾಸುತ್ತವೆ, ಇದನ್ನೂ 500 ಅಥವಾ 600ರಲ್ಲೇ ಹಾಕಬೇಕು. ಟಿರೊ ಕನ್ನಡ ಸಾಹಿತ್ಯದ ಪುಸ್ತಕಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು, ಜಾನ್ ಹಡ್ಸನ್ ಮತ್ತು ಫರ್ನಾಂಡೊ ಮೆಲ್ಲೊ ಅವರ ಕೆಲಸ. ಒತ್ತುಗಳ ಜೋಡಣೆ ಇದರಲ್ಲಿ ಎಷ್ಟು ಅಚ್ಚುಕಟ್ಟು ಅಂದರೆ ಸುಮ್ಮನೆ ನೋಡುತ್ತಾ ಕೂರಬಹುದು. ತೊಂದರೆ ಒಂದೇ, ನೇರ ಮತ್ತು ಇಟಾಲಿಕ್ ಎರಡೇ ಇವೆ, ಬೇರೆ ತೂಕ ಇಲ್ಲ. ದಪ್ಪ ಬೇಕೆಂದರೆ ಸಾಧನವೇ ಮಾಡಬೇಕು. ಅನೇಕ್ ಕನ್ನಡ ಏಕ್ ಟೈಪ್ ಸಂಸ್ಥೆಯದು, ಇದರಲ್ಲಿ ತೂಕದ ಜೊತೆ ಅಗಲವನ್ನೂ ಆರಿಸಬಹುದು. ಆರು ಇಂಚಿನ ಪರದೆಗೆ ಸ್ವಲ್ಪ ಕಿರಿದಾದ ಅಗಲ ಹಾಕಿದರೆ ಸಾಲಿಗೆ ಒಂದು ಪದ ಜಾಸ್ತಿ ಹಿಡಿಸುತ್ತದೆ. ತೀರಾ ಕಿರಿದು ಬೇಡ, ಅಕ್ಷರದೊಳಗಿನ ಬಿಳಿ ಜಾಗ ಹೋಗುತ್ತದೆ. ವಿಂಡೋಸ್‌ನ ಹಳೆಯ ತುಂಗಾ ನಮಗೆಲ್ಲ ಪರಿಚಿತ, ಇ-ಇಂಕ್‌ಗೆ ಬಹಳ ಸಣ್ಣ ಗೆರೆ. ಕೇದಗೆ, ಮಲ್ಲಿಗೆ, ಲೋಹಿತ್ ತಮ್ಮ ಕಾಲದಲ್ಲಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು, ಅದನ್ನು ಗೌರವದಿಂದ ಹೇಳುತ್ತೇನೆ. ಉದ್ದ ಓದಿಗೆ ಈಗ ಅದಕ್ಕಿಂತ ಒಳ್ಳೆಯವು ಬಂದಿವೆ. ಬಾಲೂ ತಮ್ಮ, ನವಿಲು ಇವನ್ನು ತಲೆಬರಹಕ್ಕೆ, ಮಕ್ಕಳ ಪುಸ್ತಕದ ಮುಖಪುಟಕ್ಕೆ ಇಟ್ಟುಕೊಳ್ಳಿ.

ಹಾಕುವ ಕ್ರಮ ಸರಳ. ಕಿಂಡಲ್‌ನಲ್ಲಿ 2018ರಿಂದ ನಮ್ಮದೇ ಫಾಂಟ್ ಹಾಕಬಹುದು, ಕೋಬೊದಲ್ಲಿ ಅದಕ್ಕೂ ಮೊದಲಿಂದ ಇದೆ. ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ, ಫಾಂಟ್ಸ್ ಅನ್ನುವ ಫೋಲ್ಡರಿಗೆ ಫೈಲ್ ಹಾಕಿದರೆ ಆಯಿತು. ಕೋಬೊದಲ್ಲಿ ಆ ಫೋಲ್ಡರ್ ಇಲ್ಲದಿದ್ದರೆ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೆಸರಿಟ್ಟು ನೀವೇ ಮಾಡಿ. ಗೂಗಲ್ ಫಾಂಟ್ಸ್‌ನಿಂದ ಇಳಿಸಿಕೊಂಡ ಜಿಪ್‌ನಲ್ಲಿ ವೇರಿಯಬಲ್ ಅಂತ ಒಂದು ದೊಡ್ಡ ಫೈಲು, ಸ್ಟ್ಯಾಟಿಕ್ ಅಂತ ಒಂದು ಫೋಲ್ಡರು ಇರುತ್ತದೆ. ಸ್ಟ್ಯಾಟಿಕ್‌ನೊಳಗಿನ ಮೀಡಿಯಂ ತಗೊಳ್ಳಿ. ವೇರಿಯಬಲ್ ಫೈಲಿನ ತೂಕವನ್ನು ಎಲ್ಲ ಇ-ರೀಡರೂ ಸರಿಯಾಗಿ ಬಳಸುವುದಿಲ್ಲ. ಹಾಕಿದ ಮೇಲೂ ಫಾಂಟ್ ಬದಲಾಗಲಿಲ್ಲ ಅಂದರೆ ಪುಸ್ತಕದೊಳಗೇ ಪ್ರಕಾಶಕರು ಒಂದು ಫಾಂಟ್ ಸೇರಿಸಿರಬಹುದು, ಪ್ರಕಾಶಕರ ಫಾಂಟ್ ಅನ್ನುವ ಆಯ್ಕೆ ತೆಗೆದು ನೋಡಿ. ಸಾಧನದಲ್ಲಿ ದಪ್ಪ ಮಾಡುವ ಸ್ಲೈಡರ್ ಇದ್ದರೆ ಒಂದು ಹೆಜ್ಜೆ ಏರಿಸಿದರೆ ಸಾಕು. ಅದು ಗೆರೆಯ ಸುತ್ತಲೂ ಕಪ್ಪು ಮೆತ್ತುತ್ತದೆ, ಒಳಗಿನ ಬಿಳಿಯನ್ನು ಉಳಿಸಬೇಕು ಅಂತ ಅದಕ್ಕೆ ಗೊತ್ತಿಲ್ಲ. ಫಾಂಟ್ ಮಾಡಿದವರು ಕೈಯಾರೆ ತಿದ್ದಿದ ಮೀಡಿಯಂ ಮುಂದೆ ಇದು ಎರಡನೇ ದರ್ಜೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಕಾಕಾ ಒಬ್ಬರು ಇಲ್ಲಿ ಕೇಳಿದರು: "ಸರ, ಅಕ್ಷರಾ ದೊಡ್ಡೂ ಮಾಡಿಕೊಂಡ್ರ ಮುಗೀತಲ್ರಿ, ಇಷ್ಟೆಲ್ಲಾ ಯಾಕ ಬೇಕು?" ಒಳ್ಳೆ ಪ್ರಶ್ನೆ ಕಾಕಾ, ಮತ್ತು ಅರ್ಧ ನಿಜ. ದೊಡ್ಡದು ಮಾಡಿದರೆ ಒತ್ತಿಗೆ ಪಿಕ್ಸೆಲ್ ಜಾಸ್ತಿ ಸಿಗುತ್ತದೆ, ಅದು ಸ್ಪಷ್ಟವಾಗುತ್ತದೆ. ಆದರೆ ಕನ್ನಡದ ಪದಗಳು ಉದ್ದ. ಹೋಗಬೇಕಾಗಿದ್ದುದರಿಂದಲೇ ಅನ್ನುವುದು ನಮಗೆ ಒಂದೇ ಪದ. ಆರು ಇಂಚಿನ ಪರದೆಯಲ್ಲಿ ಅಕ್ಷರ ದೊಡ್ಡದಾದರೆ ಸಾಲಿಗೆ ಮೂರು ಪದ ಕೂರುತ್ತವೆ. ಎರಡೂ ಅಂಚು ಸಮ ಮಾಡುವ ಸೆಟ್ಟಿಂಗ್ ಇದ್ದರಂತೂ ಆ ಮೂರು ಪದಗಳನ್ನು ಸಾಧನ ಎಳೆದು ಎಳೆದು ನಿಲ್ಲಿಸುತ್ತದೆ, ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ. ಕಣ್ಣು ಪದದಿಂದ ಪದಕ್ಕೆ ಜಿಗಿಯಬೇಕಾಗುತ್ತದೆ, ಎರಡು ನಿಮಿಷಕ್ಕೊಮ್ಮೆ ಪುಟ ಬೇರೆ ತಿರುಗಿಸಬೇಕು. ಅದಕ್ಕೇ ಮೊದಲು ತೂಕ ಸರಿ ಮಾಡಿ, ಆಮೇಲೆ ಎಷ್ಟು ಬೇಕೋ ಅಷ್ಟೇ ದೊಡ್ಡದು ಮಾಡಿ. ಎಡ ಅಂಚು ಮಾತ್ರ ಸಮ ಇರಲಿ, ಬಲ ಅಂಚು ಹೇಗಾದರೂ ಇರಲಿ. ವಯಸ್ಸಾದವರು ಹೊಸದಾಗಿ ಕೊಳ್ಳುವುದಾದರೆ ಆರಕ್ಕಿಂತ ಏಳು ಇಂಚಿನದು ಕೊಳ್ಳಿ, ಆ ಒಂದು ಇಂಚು ಕನ್ನಡಕ್ಕೆ ಬಹಳ ದೊಡ್ಡದು.

ಪರೀಕ್ಷಾ ಪುಟ ಮುಗಿದ ಮೇಲೆ ನಿಜವಾದ ಪುಸ್ತಕ ಓದಿ ನೋಡಲೇಬೇಕು. ನೀವು ದಿನಾ ಓದುವ ಜಾಗದಲ್ಲಿ, ದಿನಾ ಓದುವ ಹೊತ್ತಿನಲ್ಲಿ. ಮಧ್ಯಾಹ್ನ ಪಡಸಾಲೆಯಲ್ಲಿ ಕೂತರೆ ಎಲ್ಲ ಫಾಂಟೂ ಪಾಸು. ಸಂಜೆ ಏಳಕ್ಕೆ ಮನೆಯೊಳಗೆ ಒಂದು ಬಲ್ಬಿನ ಬೆಳಕಿನಲ್ಲಿ, ಸಾಧನದ ಮುಂಬೆಳಕು ಆರಿಸಿ ಓದಿ. ಸಣ್ಣ ಗೆರೆಯ ಫಾಂಟು ಅಲ್ಲಿ ಕೈಕೊಡುತ್ತದೆ. ಆಂಡ್ರಾಯ್ಡ್ ಇರುವ ಕೆಲವು ಸಾಧನಗಳಲ್ಲಿ ಪುಟ ಬೇಗ ಬದಲಾಗಲಿ ಅಂತ ಒಂದು ವೇಗದ ವಿಧಾನ ಇರುತ್ತದೆ, ಅದರಲ್ಲಿ ಬೂದು ಛಾಯೆಗಳೇ ಇರುವುದಿಲ್ಲ, ಬರೀ ಕಪ್ಪು ಬಿಳಿ. ಒತ್ತಿನ ಬಾಗುಗಳು ಗರಗಸದ ಹಲ್ಲಿನ ಹಾಗೆ ಒಡೆಯುತ್ತವೆ. ಪುಸ್ತಕ ಓದುವಾಗ ಆ ವಿಧಾನವನ್ನು ಆಫ್ ಮಾಡಿಡಿ, ಆಮೇಲೆ ಫಾಂಟಿನ ಬಗ್ಗೆ ತೀರ್ಮಾನ ಮಾಡಿ. ಬಣ್ಣದ ಇ-ಇಂಕ್ ಬಗ್ಗೆ ಇಬ್ಬರು ಕೇಳಿದರು. ಕೆಲಿಡೊ 3 ಅನ್ನುವ ಪರದೆಯಲ್ಲಿ ಕಪ್ಪು ಬಿಳಿಗೆ 300 ಪಿಕ್ಸೆಲ್ ಇದ್ದರೂ ಬಣ್ಣಕ್ಕೆ 150 ಮಾತ್ರ, ಮೇಲೆ ಬಣ್ಣದ ಜಾಲರಿ ಇರುವುದರಿಂದ ಹಿನ್ನೆಲೆ ಇನ್ನೂ ಮಬ್ಬು. ಬರೀ ಕನ್ನಡ ಕಥೆ ಕಾದಂಬರಿ ಓದುವವರಿಗೆ ನಾನು ಕಪ್ಪು ಬಿಳಿಯದನ್ನೇ ಹೇಳುತ್ತೇನೆ. ಬಣ್ಣದ್ದು ಈಗಾಗಲೇ ಇದ್ದರೆ ತೂಕ 600ಕ್ಕೆ ಏರಿಸಿ.

ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳ ಬಗ್ಗೆಯೂ ಒಂದು ಮಾತು. ಇಲ್ಲಿ ಶಿಕ್ಷಕರು, ಪತ್ರಿಕೆ ನಡೆಸಿದವರು ಇದ್ದೀರಿ, ನಿಮ್ಮ ಹತ್ತಿರ ಅಂಥವು ಬೇಕಾದಷ್ಟು ಇರುತ್ತವೆ. ಯೂನಿಕೋಡ್ ಅಲ್ಲದ ಆ ಫೈಲುಗಳಲ್ಲಿ ಕನ್ನಡ ಅಕ್ಷರ ಇರುವುದೇ ಇಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ ಹಾಕಿರುತ್ತಾರೆ. ಇ-ರೀಡರಿಗೆ ಹಾಕಿದ ಕೂಡಲೇ ವೇಷ ಕಳಚುತ್ತದೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಅದಕ್ಕೆ ಯಾವ ಫಾಂಟೂ ಮದ್ದಲ್ಲ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಇಪಬ್ ಅನ್ನುವ ಇ-ಪುಸ್ತಕದ ಫೈಲ್ ಮಾಡಿ. ಪಿಡಿಎಫ್ ಆದರೆ ಫಾಂಟ್ ಬದಲಿಸುವ ಮಾತೇ ಇಲ್ಲ, ಅಂಚು ಕತ್ತರಿಸಿ ದೊಡ್ಡದು ಮಾಡಿಕೊಂಡು ಓದಬೇಕು ಅಷ್ಟೇ.

ಕೊನೆಯಲ್ಲಿ ಹಿಂದಿನಿಂದ ಒಬ್ಬ ಅಕ್ಕ ಕೇಳಿದ್ದು ನಮ್ಮ ಗಡಿಭಾಗದ್ದೇ ಪ್ರಶ್ನೆ: "ನಮ್ಮ ಮನಿಯಾಗ ಕನ್ನಡಾನೂ ಓದ್ತೀವಿ, ಮರಾಠೀನೂ ಓದ್ತೀವಿ. ಎರಡಕ್ಕೂ ಒಂದ ಫಾಂಟ್ ಇಲ್ಲೇನ್ರಿ?" ಒಂದೇ ಫೈಲಿನಲ್ಲಿ ಎರಡೂ ಬೇಕೆಂದರೆ ಆಯ್ಕೆ ಕಮ್ಮಿ. ಆದರೆ ಒಂದೇ ಮನೆತನದ ಎರಡು ಫಾಂಟ್ ಹಾಕಿಕೊಳ್ಳಬಹುದು. ನೋಟೋದಲ್ಲೂ ಅನೇಕ್‌ನಲ್ಲೂ ಕನ್ನಡಕ್ಕೊಂದು, ದೇವನಾಗರಿಗೊಂದು ಇದೆ, ಎರಡರ ತೂಕವೂ ಒಂದಕ್ಕೊಂದು ಹೊಂದುವ ಹಾಗೆ ಮಾಡಿದ್ದಾರೆ. ಕೋರೀಡರಿನಲ್ಲಿ ಮುಖ್ಯ ಫಾಂಟ್ ಕನ್ನಡದ್ದು ಇಟ್ಟು, ಅದರಲ್ಲಿ ಸಿಗದ ಅಕ್ಷರಕ್ಕೆ ಬದಲಿ ಫಾಂಟ್ ಅಂತ ದೇವನಾಗರಿಯದನ್ನು ಕೊಡಬಹುದು. ಕನ್ನಡ ಪುಸ್ತಕದ ನಡುವೆ ಒಂದು ಅಭಂಗ ಬಂದರೂ ಡಬ್ಬಿ ಕಾಣುವುದಿಲ್ಲ. ಒಂದು ಮಾತ್ರ ಗಮನಿಸಿ ಅಕ್ಕಾ: ಮರಾಠಿಗೆ 400 ಸಾಕಾಗುತ್ತದೆ, ದೇವನಾಗರಿಯಲ್ಲಿ ಜೋಡಕ್ಷರ ಬಹುಪಾಲು ಸಾಲಿನ ಮೇಲೇ ನಿಲ್ಲುತ್ತದೆ. ಕನ್ನಡಕ್ಕೆ 500 ಹಾಕಿ. ಹಾಕಿದ ಮೇಲೆ ಎರಡೂ ಭಾಷೆಯ ಸಾಲುಗಳು ಒಟ್ಟಿಗೆ ಬರುವ ಒಂದು ಪುಟ ತೆರೆದು ಸಾಲಿನ ಅಂತರ ನೋಡಿ, ಕೆಲವು ಸಲ ಭಾಷೆ ಬದಲಾದ ಸಾಲು ಮಾತ್ರ ದೂರ ಸರಿದು ನಿಲ್ಲುತ್ತದೆ. ಹಾಗಾದರೆ ಅಂತರವನ್ನು ಕನ್ನಡದ ಒತ್ತಿಗೆ ತಕ್ಕ ಹಾಗೆ ಇಟ್ಟುಬಿಡಿ, ಮರಾಠಿ ಅದರಲ್ಲಿ ಆರಾಮಾಗಿ ಕೂರುತ್ತದೆ.